ತಪಾಸಣೆಗೆ ಬಾರದವರ ಲೆಕ್ಕ

(ಮಹಿಳಾ ದಿನಾಚರಣೆಯ ಅಂಗವಾಗಿ ತಾಲ್ಲೂಕು ಕೇಂದ್ರವೊಂದರಲ್ಲಿ ಮಾಡಿದ ಉಪನ್ಯಾಸ. ಮಾತಿನ ಓಟವನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು ಬರಹಕ್ಕಿಳಿಸಿದ್ದೇನೆ.)

ವೇದಿಕೆಯ ಹಿಂದಿನ ಬ್ಯಾನರ್ ಮೇಲೆ ‘ಗರ್ಭಕಂಠದ ಕ್ಯಾನ್ಸರ್: ಅರಿವೇ ಮದ್ದು’ ಎಂದು ಬರೆಸಿದ್ದೀರಿ. ಬರೆಸಿದವರ ಮೇಲೆ ಗೌರವ ಇಟ್ಟುಕೊಂಡೇ, ಆ ಮಾತಿಗೆ ನನ್ನ ತಕರಾರಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅರಿವು ಬೇಡವೆಂದು ಯಾರು ಹೇಳುತ್ತಾರೆ? ಆದರೆ ‘ನಮ್ಮ ಹೆಂಗಸರಿಗೆ ಅರಿವಿಲ್ಲ’ ಎಂದು ಒಮ್ಮೆ ಅಂದುಬಿಟ್ಟರೆ ಇಲಾಖೆಯೂ ಪಾರು, ಡಾಕ್ಟರೂ ಪಾರು, ಮನೆಯವರೂ ಪಾರು. ಪರೀಕ್ಷೆಗೆ ಬಾರದ ಆ ಹೆಂಗಸೊಬ್ಬಳೇ ಉಳಿಯುತ್ತಾಳೆ. ತಪ್ಪೆಲ್ಲ ಅವಳ ತಲೆಗೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ನಾನು ಇವತ್ತು ಹೇಳಹೊರಟಿರುವುದು ಇಷ್ಟೇ: ಪರೀಕ್ಷೆಯನ್ನು ನಾವು ಎಲ್ಲಿ, ಯಾವ ಹೊತ್ತಿಗೆ, ಯಾರ ಕೈಯಲ್ಲಿ ಇಟ್ಟಿದ್ದೇವೆ ಎಂಬುದರ ಮೇಲೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ಬಹುಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತದೆ.

ಕಾಯಿಲೆಯ ಬಗ್ಗೆ ನಾಲ್ಕು ಮಾತು ಹೇಳಿ ಮುಂದೆ ಹೋಗೋಣ. ಎಚ್‌ಪಿವಿ ಎಂಬ ವೈರಸ್ ಇದಕ್ಕೆ ಕಾರಣ, ಅದು ಲೈಂಗಿಕ ಸಂಪರ್ಕದಿಂದ ದಾಟುತ್ತದೆ. ಸಂಸಾರ ನಡೆಸಿದ ಬಹುತೇಕ ಎಲ್ಲರಿಗೂ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಒಮ್ಮೆಯಾದರೂ ತಗಲಿರುತ್ತದೆ. ಆದ್ದರಿಂದ ದಯವಿಟ್ಟು ಇದಕ್ಕೆ ನಡತೆಯ ಮಾತನ್ನು ಅಂಟಿಸಬೇಡಿ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಗರ್ಭಕೋಶದ ಬಾಯಿಯ, ಅಂದರೆ ಗರ್ಭಕಂಠದ, ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತದೆ. ಸೋಂಕಿನಿಂದ ಕ್ಯಾನ್ಸರಿನವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಇಷ್ಟು ದೀರ್ಘ ನೋಟಿಸ್ ಕೊಟ್ಟು ಬರುವ ಕ್ಯಾನ್ಸರ್‌ಗಳು ಕಡಿಮೆ. ಆ ಅವಧಿಯಲ್ಲಿ ಒಮ್ಮೆ ನೋಡಿದರೆ, ಕೆಟ್ಟ ಜಾಗವನ್ನು ಹೊರರೋಗಿ ವಿಭಾಗದಲ್ಲೇ ಸುಟ್ಟು ತೆಗೆದು ಸಂಜೆಗೆ ಮನೆಗೆ ಕಳಿಸಬಹುದು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ ಸುಮಾರು 1,27,000 ಹೆಂಗಸರಿಗೆ ಇದು ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80,000 ಜನ ಸತ್ತರು. ದಿನಕ್ಕೆ ಇನ್ನೂರಕ್ಕೂ ಹೆಚ್ಚು.

ಈಗ ಪರೀಕ್ಷೆಯ ಲೆಕ್ಕ. 2019ರಿಂದ 2021ರ ನಡುವೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರನ್ನು ‘ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಎಂದಾದರೂ ಮಾಡಿಸಿಕೊಂಡಿದ್ದೀರಾ’ ಎಂದು ಕೇಳಿದ್ದರು. ಇಡೀ ದೇಶದಲ್ಲಿ ಹೌದು ಎಂದವರು ಶೇ 1.9. ಪಟ್ಟಣದಲ್ಲಿ 2.2, ಹಳ್ಳಿಯಲ್ಲಿ 1.7. ನೋಡಿ, ಪಟ್ಟಣಕ್ಕೂ ಹಳ್ಳಿಗೂ ಅಂತರವೇ ಇಲ್ಲವಲ್ಲ ಎಂದು ಯಾರಾದರೂ ಸಮಾಧಾನಪಟ್ಟಾರು. ಯಾರಿಗೂ ಸಿಗದ ವಸ್ತುವಿನಲ್ಲಿ ಅಸಮಾನತೆ ಕಾಣುವುದಿಲ್ಲ. ಕಾರ್ಯಕ್ರಮ ನಿಜವಾಗಿ ಶುರುವಾದಾಗ ಮೊದಲು ಬರುವವರು ಹತ್ತಿರವಿದ್ದವರು, ಓದಿದವರು, ಮನೆಯಲ್ಲಿ ಮಾತು ನಡೆಯುವವರು. ಅಂತರ ತೆರೆದುಕೊಳ್ಳುವುದು ಆಗ.

ಕರ್ನಾಟಕದ ಅಂಕಿ ಕೇಳಿ. ನೂರಕ್ಕೆ ಒಬ್ಬಳೂ ಇಲ್ಲ. ಅದೇ ಸಮೀಕ್ಷೆಯಲ್ಲಿ ತಮಿಳುನಾಡಿನದು ಶೇ 9.8. ಅದೂ ಹೆಮ್ಮೆಪಡುವ ಸಂಖ್ಯೆಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿ ಶೇ 70. ಆದರೆ ನಮಗೂ ಅವರಿಗೂ ಇರುವ ಅಂತರ ಎಷ್ಟು ಪಟ್ಟು ಎಂದು ನೀವೇ ಯೋಚಿಸಿ. ಚಾಮರಾಜನಗರದ ಗಡಿ ದಾಟಿದರೆ ತಾಳವಾಡಿ. ಆಡಳಿತ ತಮಿಳುನಾಡಿನ ಈರೋಡ್ ಜಿಲ್ಲೆಯದು, ಮನೆಮಾತು ಬಹಳ ಮಂದಿಗೆ ಕನ್ನಡ. ಗಡಿಯ ಆಚೆ ಈಚೆ ಅಕ್ಕತಂಗಿಯರೇ ಮದುವೆಯಾಗಿ ಹೋಗಿರುತ್ತಾರೆ. ನಾಚಿಕೆ ಒಂದೇ, ಅಂಜಿಕೆ ಒಂದೇ, ಅತ್ತೆಯೂ ಒಂದೇ ಥರ. ‘ಅರಿವು’ ಚೆಕ್‌ಪೋಸ್ಟಿನಲ್ಲಿ ಬದಲಾಗುವುದಿಲ್ಲ. ಬದಲಾಗುವುದು ಸರ್ಕಾರ ಮಾಡಿದ ವ್ಯವಸ್ಥೆ. ತಮಿಳುನಾಡು 2007ರ ಹೊತ್ತಿಗೆ ತೇಣಿ ಮತ್ತು ತಂಜಾವೂರು ಜಿಲ್ಲೆಗಳಲ್ಲಿ ಪ್ರಯೋಗ ಮಾಡಿ ನೋಡಿ, ಆಮೇಲೆ ರಾಜ್ಯಕ್ಕೆಲ್ಲ ಹರಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ನರ್ಸುಗಳಿಗೆ ತರಬೇತಿ ಕೊಟ್ಟು ಈ ಕೆಲಸ ವಹಿಸಿತು. ಬೇರೆ ಯಾವ ಮಂತ್ರವೂ ಅಲ್ಲಿಲ್ಲ.

ಪರೀಕ್ಷೆ ಅಂದರೆ ಏನು ಮಾಡುತ್ತಾರೆ ಎಂದು ಇಲ್ಲಿ ಎಷ್ಟು ಜನ ನೋಡಿದ್ದೀರೋ ತಿಳಿಯದು, ಹೇಳುತ್ತೇನೆ. ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಇರುವುದು ವಿಐಎ. ಹೆಂಗಸು ಮೇಜಿನ ಮೇಲೆ ಮೊಣಕಾಲು ಮಡಚಿ ಮಲಗಬೇಕು. ಸಿಸ್ಟರ್ ಯೋನಿಯನ್ನು ತುಸು ಅಗಲಿಸುವ ಸ್ಪೆಕ್ಯುಲಮ್ ಎಂಬ ಸಾಧನ ಇಟ್ಟು ಗರ್ಭಕೋಶದ ಬಾಯಿ ಕಾಣುವಂತೆ ಮಾಡಿ, ತೆಳುವಾದ ಅಸಿಟಿಕ್ ಆಮ್ಲ, ಅಂದರೆ ಅಡುಗೆಯ ವಿನೆಗರ್ ಇದೆಯಲ್ಲ ಅದೇ, ಹತ್ತಿಯಲ್ಲಿ ಅದ್ದಿ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದ ಕಡೆ ದಟ್ಟ ಬಿಳಿ ಮಚ್ಚೆ ಏಳುತ್ತದೆ. ನೋವಿಲ್ಲ, ತುಸು ಉರಿ. ಇದಕ್ಕೆ ಲ್ಯಾಬ್ ಬೇಡ, ರಿಪೋರ್ಟಿಗೆ ಕಾಯಬೇಕಿಲ್ಲ. ಇಷ್ಟು ಅಗ್ಗದ ಪರೀಕ್ಷೆ ಯಾಕೆ ನಡೆಯುವುದಿಲ್ಲ ಎಂದರೆ ಅಗ್ಗದ ವಸ್ತುಗಳೇ ಇರುವುದಿಲ್ಲ. ಒಳಗಿನಿಂದ ಚಿಲಕ ಬೀಳುವ ಬಾಗಿಲು ಬೇಕು. ಎಷ್ಟೋ ಉಪಕೇಂದ್ರಗಳಲ್ಲಿ ಇರುವುದು ಒಂದೇ ಕೋಣೆ, ಅದರಲ್ಲೇ ಬಿಪಿ ನೋಡಿಸಿಕೊಳ್ಳಲು ಬಂದ ಗಂಡಸರ ಸಾಲು. ನೀರು ಬೇಕು, ಶೌಚಾಲಯ ಬೇಕು. ಮೊಣಕಾಲಿನ ಮೇಲೆ ಹೊದಿಸಲು ಒಂದು ಬಟ್ಟೆ ಬೇಕು. ಸ್ಪೆಕ್ಯುಲಮ್ ಎಷ್ಟಿವೆ ಎಂದು ಎಣಿಸಿದರೆ ಅವತ್ತು ಎಷ್ಟು ಜನರಿಗೆ ಪರೀಕ್ಷೆಯಾಗುತ್ತದೆ ಎಂದು ಬೆಳಿಗ್ಗೆಯೇ ಹೇಳಬಹುದು: ಐದಿದ್ದರೆ ಐದು ಜನ, ಆರನೆಯವಳು ಅವನ್ನು ಆಟೋಕ್ಲೇವ್ ಯಂತ್ರದಲ್ಲಿಟ್ಟು ಶುದ್ಧ ಮಾಡಿ ಮುಗಿಯುವವರೆಗೆ ಕೂರಬೇಕು. ಅವಳು ಕೂರುವುದಿಲ್ಲ. ಮನೆಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರೂ ಇರುವುದಿಲ್ಲ.

30ರಿಂದ 65 ವರ್ಷದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ವಿಐಎ ಆಗಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಬಂದದ್ದು 2016ರಲ್ಲಿ. ಇದರ ಮೊದಲ ಮೆಟ್ಟಿಲು ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ತುಂಬುವ, ಯಾರಿಗೆ ಕಾಯಿಲೆಯ ಅಪಾಯ ಹೆಚ್ಚೆಂದು ಗುರುತಿಸುವ ಸಿಬ್ಯಾಕ್ ಫಾರಂ. ಒಂದು ಫಾರಂಗೆ ಹತ್ತು ರೂಪಾಯಿ ಪ್ರೋತ್ಸಾಹಧನ. ವಯಸ್ಸು, ತಂಬಾಕು, ಸೊಂಟದ ಸುತ್ತಳತೆ ಎಲ್ಲ ಆದಮೇಲೆ ಹೆಂಗಸರಿಗೆ ಮಾತ್ರ ಕೇಳುವ ಪ್ರಶ್ನೆಗಳು ಬರುತ್ತವೆ. ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ? ಮುಟ್ಟು ನಿಂತಮೇಲೆ ರಕ್ತ ಕಂಡಿದೆಯೇ? ಗಂಡನ ಜೊತೆ ಸೇರಿದ ಮೇಲೆ ರಕ್ತ ಬರುತ್ತದೆಯೇ? ವಾಸನೆಯ ಬಿಳಿ ಹೋಗುತ್ತದೆಯೇ? ಇದನ್ನು ಕೇಳಬೇಕಾದದ್ದು ಹಗಲು ಹೊತ್ತಿನಲ್ಲಿ, ಪಡಸಾಲೆಯಲ್ಲಿ, ಪಕ್ಕದಲ್ಲಿ ಅತ್ತೆ ಜೋಳ ಹಸನು ಮಾಡುತ್ತ ಕೂತಿರುವಾಗ. ಉತ್ತರ ಕರ್ನಾಟಕದ ಆಶಾ ಒಬ್ಬಾಕೆ ನನಗೆ ಹೇಳಿದ್ದು: “ಮೇಡಂ, ಆಕಿ ನಮ್ಮ ಓಣ್ಯಾಕಿನ. ಅತ್ತಿ ಮುಂದ ನಾ ಇದನ್ನ ಕೇಳಿದ್ರ ನಾಳಿಗೆ ನನ್ನ ಮಾರಿ ನೋಡಂಗಿಲ್ಲ. ಅದಕ್ಕ ಎಲ್ಲಾದಕ್ಕೂ ‘ಇಲ್ಲ’ ಅಂತ ನಾನ ಟಿಕ್ ಹಾಕಿಬಿಡ್ತೀನ್ರಿ.” ನಾನು ಬೈಯಲಿಲ್ಲ. ಆಕೆಯ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಹತ್ತು ರೂಪಾಯಿಗೆ ನೆರೆಹೊರೆಯ ಸಂಬಂಧ ಕೆಡಿಸಿಕೊಳ್ಳಬೇಕೆಂದು ಯಾವ ಸರ್ಕಾರ ನಿರೀಕ್ಷಿಸುತ್ತದೆ? ಆದರೆ ಆ ‘ಇಲ್ಲ’ ಮೇಲಕ್ಕೆ ಹೋಗಿ ಜಿಲ್ಲೆಯ ವರದಿಯಲ್ಲಿ ಆರೋಗ್ಯವಂತ ಮಹಿಳೆಯಾಗಿ ಕೂರುತ್ತದೆ.

ಇನ್ನು ಖರ್ಚಿನ ಮಾತು. ಪರೀಕ್ಷೆ ಉಚಿತ. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ. ಇದು ದೊಡ್ಡ ಅನುಕೂಲ, ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಕಳೆ ತೆಗೆಯುವ ಹಂಗಾಮಿನಲ್ಲಿ ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಹೋಗುವುದಷ್ಟೇ ಅಲ್ಲ, ಗುಂಪಿನಿಂದಲೇ ಹೊರಬೀಳುತ್ತಾಳೆ. ಮೇಸ್ತ್ರಿ ನಾಳೆ ಬೇರೆಯವಳನ್ನು ಕರೆಯುತ್ತಾನೆ. ಅವಳಿಗೆ ಸೋಮವಾರ ಬಿಡುವಾದರೆ ಆಸ್ಪತ್ರೆಯಲ್ಲಿ ತಪಾಸಣೆ ಬುಧವಾರ. ಬುಧವಾರ ಬಂದರೆ ಮುಟ್ಟು, ‘ಮುಂದಿನ ವಾರ ಬಾರಮ್ಮ’. ಮುಂದಿನ ವಾರ ಸಿಸ್ಟರಿಗೆ ಟ್ರೈನಿಂಗ್. ಸಂಬಳದ ರಜೆ ಇರುವ ಟೀಚರಮ್ಮ ಮೂರನೇ ಸಲವೂ ಬರುತ್ತಾಳೆ. ಕೂಲಿಯಾಕೆ ಒಂದೇ ಸಲ. ಆಮೇಲೆ ನಮ್ಮ ದಾಖಲೆಯಲ್ಲಿ ಟೀಚರಮ್ಮ ‘ಜಾಗೃತ ಮಹಿಳೆ’, ಕೂಲಿಯಾಕೆ ‘ನಿರಾಸಕ್ತಳು’!

ಇದರ ಇನ್ನೊಂದು ತುದಿಯನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಿ. ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲಿ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ತೆಗೆದು ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಸೇರಿರುತ್ತದೆ, ಪ್ರತಿ ವರ್ಷ. ಅಷ್ಟು ಬೇಕಾಗಿಯೇ ಇಲ್ಲ. ನಾರ್ಮಲ್ ಬಂದರೆ ಮೂರು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು, ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಯಾದರೆ ಐದು ವರ್ಷ ನಿಶ್ಚಿಂತೆ. ಅದೇ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಯ ಪಾತ್ರೆ ತೊಳೆಯುವಾಕೆಗೆ ವಯಸ್ಸು ನಲವತ್ತೈದು, ಹದಿನಾರಕ್ಕೆ ಮದುವೆ, ಮೂರು ಹೆರಿಗೆ, ಬಾಯಲ್ಲಿ ಹೊಗೆಸೊಪ್ಪು. ಬೇಗ ಮದುವೆ, ಹೆಚ್ಚು ಹೆರಿಗೆ, ತಂಬಾಕು, ಮೂರೂ ಈ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತವೆ. ಅವಳಿಗೆ ಒಮ್ಮೆಯೂ ಆಗಿಲ್ಲ. ವೇಲ್ಸ್‌ನ ಗಣಿ ಹಳ್ಳಿಯೊಂದರಲ್ಲಿ ಡಾಕ್ಟರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಬರೆದಿದ್ದರು: ಚಿಕಿತ್ಸೆಯ ಅಗತ್ಯ ಯಾರಿಗೆ ಹೆಚ್ಚೋ ಅವರಿಗೆ ಅದು ಸಿಗುವುದು ಕಡಿಮೆ, ವೈದ್ಯಕೀಯ ಮಾರುಕಟ್ಟೆಯ ಕೈಗೆ ಹೋದಷ್ಟೂ ಈ ತಿರುಗುಮುರುಗು ಜಾಸ್ತಿ ಎಂದು.

ಈಗ ನನಗೆ ಬಹಳ ಸಿಟ್ಟು ತರಿಸುವ ಸಂಗತಿಗೆ ಬರುತ್ತೇನೆ. ಬಡ ಹೆಂಗಸಿನ ಗರ್ಭಕೋಶವನ್ನು ನಮ್ಮ ವ್ಯವಸ್ಥೆ ನೋಡುವುದೇ ಇಲ್ಲ ಎಂದು ತಿಳಿಯಬೇಡಿ. ನೋಡುತ್ತದೆ, ತೆಗೆಯುವುದಕ್ಕೆ. ಬಿಳಿ ಹೋಗುತ್ತದೆ, ಸೊಂಟ ನೋವು ಎಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದವಳಿಗೆ ಒಂದು ಸ್ಕ್ಯಾನ್ ಮಾಡಿ, ‘ಗರ್ಭಚೀಲಕ್ಕೆ ಬಾವು ಬಂದಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ತೆಗೆಸಿಬಿಡಮ್ಮ’ ಎನ್ನುತ್ತಾರೆ. ಆ ಬಿಳಿಗೆ ಬಹಳ ಸಲ ಕಾರಣ ಒಂದು ವಾರದ ಮಾತ್ರೆಗೆ ಹೋಗುವ ಸೋಂಕು. ಕ್ಯಾನ್ಸರಿನ ಅನುಮಾನ ನಿಜವಾಗಿದ್ದರೆ ಮೊದಲು ವಿಐಎಯೋ ಪ್ಯಾಪ್ ಸ್ಮಿಯರೋ ಬಯಾಪ್ಸಿಯೋ ಆಗಬೇಕಿತ್ತು. ಅದೊಂದೂ ಆಗದೆ ನೇರ ಆಪರೇಷನ್ ಟೇಬಲ್. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಕೇರಿಗಳ ಹೆಣ್ಣುಮಕ್ಕಳು 2015ರಲ್ಲಿ ಇದರ ವಿರುದ್ಧ ಬೀದಿಗಿಳಿದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂವತ್ತರೊಳಗಿನವರೂ ಅವರಲ್ಲಿದ್ದರು. ಅಂಡಾಶಯವನ್ನೂ ಸೇರಿಸಿ ತೆಗೆದಿದ್ದರೆ ಆ ವಯಸ್ಸಿಗೇ ಮುಟ್ಟು ನಿಂತವರ ಮೂಳೆಸವೆತ, ಬಿಸಿ ಉರಿ ಎಲ್ಲ ಶುರು. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳ ಇಂಥವೇ ದೂರುಗಳ ಮೇಲಿನ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಆದೇಶಿಸಿತು. ಕ್ಯಾನ್ಸರ್ ಎಂಬ ಪದ ಆ ಹೆಂಗಸರಿಗೆ ಗೊತ್ತಿತ್ತು, ಅದರ ಭಯವೂ ಇತ್ತು. ‘ಅರಿವು’ ಇತ್ತು ಅನ್ನಿ. ಇಲ್ಲದ್ದು ಹತ್ತಿರದಲ್ಲಿ ನಂಬಿಕಸ್ಥ ಪರೀಕ್ಷೆ.

ಹಾಗಾದರೆ ಎಲ್ಲರಿಗೂ ಪತ್ರ ಬರೆದು ಕರೆದು, ಉಚಿತವಾಗಿ ಮಾಡಿಬಿಟ್ಟರೆ ಅಸಮಾನತೆ ಹೋಗುತ್ತದೆಯೇ? ಇಂಗ್ಲೆಂಡ್ ಅದನ್ನು 1988ರಿಂದ ಮಾಡುತ್ತಿದೆ. 25ರಿಂದ 64 ವರ್ಷದ ಪ್ರತಿ ಹೆಂಗಸಿಗೂ ಮನೆಗೇ ಕರೆಪತ್ರ ಹೋಗುತ್ತದೆ. ಸಾವುಗಳು ನಿಜಕ್ಕೂ ಬಹಳ ಇಳಿದವು. ಆದರೂ ಈಗ ಸಕಾಲಕ್ಕೆ ಪರೀಕ್ಷೆಯಾದವರು ನೂರಕ್ಕೆ ಎಪ್ಪತ್ತರ ಆಸುಪಾಸು. ಬಡ ಬಡಾವಣೆಗಳಲ್ಲಿ, ದಕ್ಷಿಣ ಏಷ್ಯಾ ಮೂಲದವರಲ್ಲಿ, ಅಂಗವೈಕಲ್ಯ ಇರುವವರಲ್ಲಿ ಅದಕ್ಕಿಂತ ಕಡಿಮೆ. ಅಲ್ಲಿಯ ಟಿವಿ ತಾರೆ ಜೇಡ್ ಗುಡಿಯ ಹೆಸರು ನಮ್ಮವರಿಗೂ ಗೊತ್ತು, ನಮ್ಮ ಮಂಗಳೂರಿನ ಶಿಲ್ಪಾ ಶೆಟ್ಟಿ ಜೊತೆಗಿನ ಜಗಳದಿಂದ. 2008ರಲ್ಲಿ ಶಿಲ್ಪಾ ನಡೆಸಿಕೊಡುತ್ತಿದ್ದ ಹಿಂದಿಯ ಬಿಗ್ ಬಾಸ್ ಮನೆಯೊಳಗಿದ್ದಾಗಲೇ ಜೇಡ್‌ಗೆ ಗರ್ಭಕಂಠದ ಕ್ಯಾನ್ಸರ್ ಎಂಬ ಸುದ್ದಿ ಮುಟ್ಟಿತು. 2009ರ ಮಾರ್ಚಿನಲ್ಲಿ, 27ನೇ ವಯಸ್ಸಿಗೆ ತೀರಿಕೊಂಡಳು. ಲಂಡನ್ನಿನ ಬಡ ಕುಟುಂಬದ ಹುಡುಗಿ, ಎರಡು ಪುಟ್ಟ ಮಕ್ಕಳ ತಾಯಿ. ಆ ಒಂದು ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಮಾಮೂಲಿಗಿಂತ ಸುಮಾರು ಐದು ಲಕ್ಷ ಹೆಚ್ಚು ಹೆಂಗಸರು ತಪಾಸಣೆಗೆ ಬಂದರು. ಆಮೇಲೆ? ಅಲೆ ಇಳಿಯಿತು, ಸಂಖ್ಯೆ ಮತ್ತೆ ಕೆಳಗೆ ಜಾರಿತು. ಜಾಗೃತಿ ಬಂದು ಹೋಗುವ ವಸ್ತು. ಬಂದವಳಿಗೆ ಬಾಗಿಲು ತೆರೆದಿದ್ದು, ಮರ್ಯಾದೆಯಿಂದ ಮಾತಾಡಿಸಿ, ಸಂಜೆ ಆರರ ನಂತರವೂ ಪರೀಕ್ಷೆ ಸಿಕ್ಕರೆ ಅದು ಉಳಿಯುತ್ತದೆ.

ನಮ್ಮಲ್ಲಿ ವಿಜ್ಞಾನದ ಕೊರತೆಯೂ ಇಲ್ಲ. ಜಗತ್ತಿಗೇ ಪಾಠವಾದ ಅಧ್ಯಯನಗಳು ಇಲ್ಲಿಯೇ ನಡೆದಿವೆ. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು, ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ವಿಐಎ ಮಾಡಿಸಿದರು. ಸಾವು ಶೇ 31ರಷ್ಟು ಕಡಿಮೆಯಾಯಿತು. ಬೀದರ್, ಕಲಬುರಗಿಗಳ ಮಗ್ಗುಲಿನ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1,31,000ಕ್ಕೂ ಹೆಚ್ಚು ಹೆಂಗಸರ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಜೀವಮಾನದಲ್ಲಿ ಒಂದೇ ಒಂದು ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಅಲ್ಲಿ ವಿಐಎ ಗುಂಪಿನಲ್ಲಿ ಅಂಥ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು. ವಿಐಎ ನೋಡುವವರ ಕಣ್ಣನ್ನು ನಂಬಿದ ಪರೀಕ್ಷೆ. ಈ ಅಧ್ಯಯನಗಳಲ್ಲಿ ಹೋಲಿಕೆಗೆಂದು ಇಟ್ಟ ಗುಂಪಿನವರಿಗೆ ತಪಾಸಣೆ ಮಾಡದೆ ಬಿಟ್ಟದ್ದು ಸರಿಯೇ ಎಂಬ ಜಗಳ ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆಯಿತು. ನನ್ನ ಅಭಿಪ್ರಾಯ ಕೇಳಿದರೆ, ಆ ಬಡ ಹೆಂಗಸರ ಮೈಯಿಂದ ಕಲಿತ ಪಾಠವನ್ನು ಅವರಂಥವರಿಗೇ ಇನ್ನೂ ತಲುಪಿಸದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಎಚ್‌ಪಿವಿ ಪರೀಕ್ಷೆಯ ಇನ್ನೊಂದು ಗುಣ, ಮಾದರಿಯನ್ನು ಹೆಂಗಸು ತಾನೇ ತೆಗೆದುಕೊಳ್ಳಬಹುದು. ಬಚ್ಚಲಮನೆಗೆ ಹೋಗಿ ಹತ್ತಿಕಡ್ಡಿಯಂಥದ್ದನ್ನು ಒಳಗಿಟ್ಟು ತಿರುಗಿಸಿ ಕೊಳವೆಗೆ ಹಾಕಿ ಕೊಟ್ಟರಾಯಿತು. ಮೇಜು ಬೇಡ, ಮೊಣಕಾಲು ಮಡಚಬೇಕಿಲ್ಲ, ಪರರ ಕಣ್ಣು ಬೀಳಬೇಕಿಲ್ಲ. ಆಸ್ಟ್ರೇಲಿಯಾ 2022ರಿಂದ ಇದನ್ನು ಎಲ್ಲರಿಗೂ ತೆರೆದಿದೆ. ಮೈಸೂರು ಸುತ್ತಿನ ಹಳ್ಳಿಗಳಲ್ಲೂ ಇದರ ಸಂಶೋಧನೆ ನಡೆದಿದೆ. ನಮ್ಮ ಹೆಂಗಸರು ಒಪ್ಪಿ ಮಾಡಿಕೊಟ್ಟರು. ಕ್ಷಯಕ್ಕೆಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಟ್ಟಿರುವ ಟ್ರೂನಾಟ್ ಯಂತ್ರಕ್ಕೆ ಎಚ್‌ಪಿವಿಯ ಚಿಪ್ ಕೂಡ ಬಂದಿದೆ. ಹಾಗೆಂದು ಕಡ್ಡಿ ಹಂಚಿದ ಕೂಡಲೇ ಕೆಲಸ ಮುಗಿಯಿತೆಂದು ಸಂಭ್ರಮಿಸಬೇಡಿ. ಪಾಸಿಟಿವ್ ಬಂದವಳನ್ನು ಯಾರು ಹುಡುಕುತ್ತಾರೆ? ಜಾತ್ರೆಯಂತೆ ಕ್ಯಾಂಪ್ ಮಾಡಿ, ಗುಲಾಬಿ ಬಲೂನು ಕಟ್ಟಿ, ಫೋಟೊ ಹೊಡೆಸಿಕೊಂಡು ಹೋದ ಮೇಲೆ ಪಾಸಿಟಿವ್ ಬಂದ ಹೆಂಗಸರ ಚೀಟಿ ಡ್ರಾಯರಿನಲ್ಲಿ ಉಳಿದದ್ದನ್ನು ಕಂಡಿದ್ದೇನೆ. ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಮ್ಮ ಎಂದು ಬಾಯಲ್ಲಿ ಹೇಳಿದರೆ ಅದು ರೆಫರಲ್ ಅಲ್ಲ. ಅದೇ ದಿನ, ಅದೇ ಕೋಣೆಯಲ್ಲಿ, ಬ್ಯಾಟರಿಯಲ್ಲಿ ನಡೆಯುವ ಥರ್ಮಲ್ ಅಬ್ಲೇಶನ್ ಸಾಧನದಿಂದ ಆ ಜಾಗವನ್ನು ಸುಟ್ಟು ಕಳಿಸುವ ಏರ್ಪಾಡು ಇದ್ದರೆ ಹೆಚ್ಚಿನವರು ಎರಡನೇ ಸಲ ಬರಬೇಕಾಗಿಯೇ ಇಲ್ಲ.

ಈ ವೈರಸ್ ತಡೆಯುವ ಲಸಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಕೊಡಿಸಿ. ಸಿಕ್ಕಿಂ 2018ರಲ್ಲಿ ಶಾಲೆಗಳ ಮೂಲಕವೇ ಕೊಟ್ಟು, ಅರ್ಹ ಹುಡುಗಿಯರಲ್ಲಿ ಹತ್ತಿರ ಹತ್ತಿರ ಎಲ್ಲರನ್ನೂ ತಲುಪಿತು. ಶಾಲೆಯಲ್ಲಿ ಕೊಟ್ಟಾಗ ಬಡವರ ಮಗಳು, ಸಾಹುಕಾರರ ಮಗಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅವರ ತಾಯಂದಿರಿಗೆ ಅದು ತಡವಾಯಿತು. ಈಗ ನಲವತ್ತು ದಾಟಿದವರಿಗೆ ಉಳಿದಿರುವ ದಾರಿ ತಪಾಸಣೆಯೇ.

ಮಾತು ಮುಗಿಸಿದ ಮೇಲೆ ಸಭೆಯಿಂದ ಎರಡು ಪ್ರಶ್ನೆ ಬಂದವು, ಅವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ಯುವಕರು, “ಮೇಡಂ, ವೈರಸ್ ನಮ್ಮಿಂದಲೂ ಬರುತ್ತೆ ಅಂದ್ರಿ. ಹಾಗಾದ್ರೆ ಗಂಡಸರಿಗೆ ಪರೀಕ್ಷೆ ಇಲ್ವಾ?” ಎಂದರು. ಗಂಡಸರಿಗೆ ಇದರ ಸಾಮಾನ್ಯ ತಪಾಸಣೆ ಇಲ್ಲ. ನೀವು ಮಾಡಬಹುದಾದ್ದು ಬೇರೆ. ಹೆಂಡತಿ ಆಸ್ಪತ್ರೆಗೆ ಹೋಗುವ ದಿನ ಮಕ್ಕಳನ್ನೂ ಎಮ್ಮೆಯನ್ನೂ ನೋಡಿಕೊಳ್ಳಿ, ‘ಯಾಕೆ, ನಿನಗೇನಾಗಿದೆ’ ಎಂದು ಕೇಳಬೇಡಿ. ಪಂಚಾಯಿತಿ ಸದಸ್ಯರಾಗಿದ್ದರೆ ನಿಮ್ಮ ಉಪಕೇಂದ್ರದ ಕೋಣೆಗೆ ಚಿಲಕ, ಪರದೆ ಇದೆಯೇ ನೋಡಿ.

ಇನ್ನೊಬ್ಬರು ಎದ್ದು ನಿಲ್ಲಲಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು. ಎಚ್‌ಐವಿ ಇದ್ದವರೂ ಇದನ್ನು ಮಾಡಿಸಬೇಕೇ ಎಂದು. ಎಲ್ಲರಿಗಿಂತ ಮೊದಲು ಮಾಡಿಸಬೇಕು. ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಸುಮಾರು ಆರು ಪಟ್ಟು. ಅವರು ಮೂವತ್ತರವರೆಗೆ ಕಾಯಬಾರದು, 25ರಿಂದಲೇ ಶುರು ಮಾಡಬೇಕು, ಹೆಚ್ಚು ಸಲ ಮಾಡಿಸಬೇಕು. ಎಚ್‌ಐವಿಯ ಮಾತ್ರೆಗೆಂದು ಎಆರ್‌ಟಿ ಕೇಂದ್ರಕ್ಕೆ ಹೇಗೂ ತಪ್ಪದೆ ಹೋಗುತ್ತಾರೆ. ಅದೇ ದಿನ, ಅದೇ ಕಟ್ಟಡದಲ್ಲಿ ಈ ಪರೀಕ್ಷೆಯೂ ಆಗಿಬಿಟ್ಟರೆ ಇನ್ನೊಂದು ಬಾಗಿಲ ಮುಂದೆ ಇನ್ನೊಮ್ಮೆ ತಮ್ಮ ಕಥೆ ಹೇಳುವುದು ತಪ್ಪುತ್ತದೆ. ಅಲ್ಲಿಯ ಕೌನ್ಸೆಲರ್ ಬಳಿ ಕೇಳಿ ಎಂದು ಹೇಳಿ ಕಳಿಸಿದೆ.